ಕೀಲೆಣ್ಣೆ ಕುಡಿದ ಬೋಗಿ

ಸ್ವಲ್ಪ ತಾಳಿ. ಇದೇನು, ಬರೀ ಬೋಗಿ, ಬಾಗಿಲು, ಬ್ರೇಕು ಎಂದು ಅರ್ಧಕ್ಕೇ ಎದ್ದು ಹೋಗಬೇಡಿ. ಈ ಕತೆಯಲ್ಲಿ ಒಂದು ಹಸುವೂ ಇದೆ. ಕೊನೆಗೆ ಅದರ ಕೆಚ್ಚಲಿಗೆ ಕೈ ಹಾಕಿದವರು ಯಾರು ಎಂದು ತಿಳಿಯುವವರೆಗಾದರೂ ನನ್ನ ಜೊತೆ ಕೂತಿರಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಊರಿನ ಸುತ್ತ ಮಾವಿನ ತೋಪು. ಊರಿನ ಮಗ್ಗುಲಲ್ಲೇ ಸಣ್ಣ ರೈಲಿನ ಒಂದು ಪುಟ್ಟ ನಿಲ್ದಾಣ. ಹಳಿಗಳ ಮೇಲೆ ಎಮ್ಮೆಯೊಂದು ಅಡ್ಡ ಮಲಗಿದರೆ ಮೂತಿ ಒಂದು ಕಡೆ, ಬಾಲ ಒಂದು ಕಡೆ ಹೊರಗೆ ಉಳಿಯುತ್ತಿತ್ತು, ಅಷ್ಟು ಕಿರಿದಾದ ಲೈನು. ನಾನು ಕೋಲಾರದಲ್ಲಿ ಕಾಲೇಜು ಓದುತ್ತಿದ್ದೆ. ನನ್ನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಅಲ್ಲೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗುವುದು, ಸಂಜೆ ಒಟ್ಟಿಗೆ ಬರುವುದು. ಬಸ್ಸು ಶ್ರೀನಿವಾಸಪುರದವರೆಗೆ ಮಾತ್ರ ಇತ್ತು. ಅಲ್ಲಿಂದ ನಡೆದು ಬಂದರೆ ಕತ್ತಲಾಗುತ್ತಿತ್ತು. ಹಾಗಾಗಿ ನಮಗೆ ಸಣ್ಣ ರೈಲೇ ಗತಿ.

ನನಗೋ ರೈಲಿನ ಹುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ. ಬೋಗಿಯ ಕೆಳಗೆ ಬಗ್ಗಿ ನೋಡಿ, ಗಾರ್ಡಿನ ತಲೆ ತಿಂದು, ಕೊಂಡಿ ಯಾವುದು, ಬ್ರೇಕಿನ ಪೈಪು ಯಾವುದು ಎಂದು ನಾನೇ ಕಲಿತದ್ದು. ಅತ್ತಿಗೆಗೆ ಇದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಅವರಿಗೆ ಬೇಕಾದದ್ದು ಒಂದೇ, ರೈಲು ಹೊತ್ತಿಗೆ ಸರಿಯಾಗಿ ಬರುವುದು.

ಅದಕ್ಕೆ ಕಾರಣ ಹಸು. ಅತ್ತಿಗೆ ಮುಳಬಾಗಿಲಿನ ಕಡೆಯವರು. ಮದುವೆಯಾಗಿ ಬಂದಾಗ ತವರಿನಿಂದ ಒಂದು ಕಂದು ಹಸುವೂ ಅವರ ಹಿಂದೆ ಬಂತು. ಅತ್ತಿಗೆಯನ್ನು ಬಿಟ್ಟು ಬೇರೆ ಯಾರು ಕೂತರೂ ಅದು ಹಾಲು ಇಳಿಸುತ್ತಿರಲಿಲ್ಲ. ಅಣ್ಣ ಒಮ್ಮೆ ಪ್ರಯತ್ನಪಟ್ಟು, ಒದೆ ತಿಂದು, ಚೊಂಬಿನ ಸಮೇತ ಗೋಡೆಗೆ ಒರಗಿದ್ದ. ಸಂಜೆ ಡೈರಿಯವರು ದೀಪ ಹಚ್ಚುವ ಹೊತ್ತಿಗೆ ಕ್ಯಾನು ಮುಚ್ಚಿಬಿಡುತ್ತಿದ್ದರು. ಅಷ್ಟರೊಳಗೆ ಅತ್ತಿಗೆ ಬಂದು ಹಾಲು ಕರೆಯಬೇಕು. ಮದುವೆಯಾದ ಹೊಸದರಲ್ಲೇ ನಮ್ಮಮ್ಮ ಮಾತು ತೆಗೆದುಕೊಂಡಿದ್ದರು.

"ಕೆಲ್ಸಕ್ಕೆ ಹೋಗ್ಬೇಡ ಅನ್ನಲ್ಲಮ್ಮ. ಹೋಗು. ಆದ್ರೆ ಹಸು ಕೆಚ್ಚಲು ಕಟ್ಕೊಂಡು ಕೂಗೋ ಹಂಗೆ ಮಾಡ್ಬೇಡ. ಅದು ಮೂಕ ಜೀವ. ಯಾವತ್ತು ಸಾಯಂಕಾಲದ ಹಾಲು ತಪ್ತದೋ, ಅವತ್ತಿಗೆ ನಿನ್ ಕೆಲ್ಸಾನೂ ಮುಗೀತು."

"ಆಯ್ತತ್ತೆ" ಎಂದಿದ್ದರು ಅತ್ತಿಗೆ. ಹಳೇ ಬೋಗಿಗಳ ಆ ಹಳೇ ರೈಲು ಕುಂಟುತ್ತಲೇ ಇದ್ದರೂ ಆ ಮಾತನ್ನು ಉಳಿಸಿಕೊಟ್ಟಿತ್ತು.

ಹೀಗಿರುವಾಗ ಗಾರ್ಡು ಒಂದು ದಿನ ನನ್ನನ್ನು ಕೂಗಿದರು. ಅವರು ಆಂಧ್ರದ ಗಡಿಯ ಕಡೆಯವರು. ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವರು.

"ಏಮ್ಮಾ ಇಂಜಿನಿಯರಮ್ಮ, ಹೊಸ ಬೋಗಿ ಬರ್ತಾ ಐತೆ! ಒಂದು ಪೂರಾ ಹೊಸದು, ಇನ್ನೊಂದು ಗೂಡ್ಸ್ ಡಬ್ಬಾನ ಕೊಯ್ದು ಕಿಟಕಿ ಇಟ್ಟವ್ರೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತಿಗೆಗೆ ಹೇಳಿದರೆ, "ಬೇಗ ಹೋಗ್ತದಾ?" ಎಂದು ಮಾತ್ರ ಕೇಳಿದರು.

ಬೋಗಿಗಳು ಬಂದವು. ಬಾಗಿಲಿಗೆ ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಜನ ಬರಮಾಡಿಕೊಂಡರು. ಮಾರನೆಯ ದಿನದಿಂದ ತಾಪತ್ರಯ. ಹೊಸ ಬೋಗಿಯ ಕೊಂಡಿ ಹಳೆಯದಕ್ಕಿಂತ ಒಂದು ಗೇಣು ಎತ್ತರ. ಎರಡನ್ನೂ ಜೋಡಿಸಲು ಕೋಲಾರದಲ್ಲಿ ದಿನಾ ಸುತ್ತಿಗೆ ಸದ್ದು. ಬ್ರೇಕು ಹಿಡಿದರೆ ಬಿಡುತ್ತಿರಲಿಲ್ಲ. ಹೊಸ ಬಣ್ಣ ಪೂರ್ತಿ ಒಣಗದೆ, ಒರಗಿ ಕೂತವರ ಬೆನ್ನಿಗೆಲ್ಲ ಬೆಂಚಿನ ಪಟ್ಟೆ ಮೂಡುತ್ತಿತ್ತು. ಯಾವುದೋ ವರ್ಕ್‌ಶಾಪಿನಿಂದ ಬಂದವರು ಒಂದೊಂದನ್ನೇ ಸರಿ ಮಾಡಿದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹೊಸ ವಸ್ತು, ಪಳಗಬೇಕು ಎಂದು ಅತ್ತಿಗೆಗೆ ಸಮಾಧಾನ ಹೇಳುತ್ತಿದ್ದೆ.

ಹೊಸದು ನಿಧಾನಕ್ಕೆ ಪಳಗಿತು. ಪಳಗದೆ ಉಳಿದದ್ದು ಮಾರ್ಪಡಿಸಿದ ಗೂಡ್ಸ್ ಡಬ್ಬ. ಅದಕ್ಕೆ ಪಕ್ಕಕ್ಕೆ ತಳ್ಳುವ ದೊಡ್ಡ ಕಬ್ಬಿಣದ ಬಾಗಿಲು. ಬಾಗಿಲು ಜಾರಲು ಕೆಳಗೆ ಉದ್ದಕ್ಕೂ ಒಂದು ಸಣ್ಣ ಕಾಲುವೆ. ಓಡುವಾಗ ಒಮ್ಮೆ ಬಾಗಿಲು ತಾನಾಗಿ ಸರಿದು ಯಾರದೋ ಬುಟ್ಟಿ ಹೊರಗೆ ಬಿತ್ತು. ಅಂದಿನಿಂದ ಗಾರ್ಡಿಗೆ ಹುಕುಂ ಬಂತು, ಆ ಬಾಗಿಲು ಪೂರ್ತಿ ಮುಚ್ಚದೆ ಹಸಿರು ಬಾವುಟ ತೋರಿಸಕೂಡದು.

ಆಗ ಮಾವಿನ ಕಾಲ. ಬೆಳಿಗ್ಗೆ ಹಣ್ಣಿನ ಬುಟ್ಟಿ ಹೋಗುವುದು, ಸಂಜೆ ಖಾಲಿ ಬುಟ್ಟಿ ಬರುವುದು. ನಮ್ಮ ಕಡೆ ಹಣ್ಣಿನ ಕೆಳಗೂ ಮೇಲೂ ಒಣಹುಲ್ಲು ಹಾಸುತ್ತಾರೆ. ಬುಟ್ಟಿ ಖಾಲಿಯಾದರೂ ಹುಲ್ಲನ್ನು ಯಾರೂ ಎಸೆಯುವುದಿಲ್ಲ, ಮತ್ತೆ ಬೇಕಲ್ಲ. ಆ ಹುಲ್ಲೆಲ್ಲ ಉದುರಿ ಬಾಗಿಲಿನ ಕಾಲುವೆ ತುಂಬಿತು. ಡಬ್ಬವನ್ನು ಕೊಯ್ದು ಕಿಟಕಿ ಇಟ್ಟವರಿಗೆ ಮಾವಿನ ಬುಟ್ಟಿಯಲ್ಲಿ ಹುಲ್ಲಿರುತ್ತದೆ ಎಂದು ಯಾರು ಹೇಳಬೇಕಿತ್ತೋ. ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಕ್ಕಾಲಿಗೆ ಬಂದು ನಿಲ್ಲುತ್ತಿತ್ತು. ಗಾರ್ಡು ಇಳಿದು ಬಂದು ಪೊರಕೆ ಕಡ್ಡಿಯಲ್ಲಿ ಹುಲ್ಲು ಕೆದಕುವುದು, ನಾಲ್ಕು ಜನ ಭುಜ ಕೊಟ್ಟು ತಳ್ಳುವುದು, ಬುಟ್ಟಿಯವರು ಬೈಯುವುದು.

"ಏನ್ ಸಾಮಿ, ಬಾಗ್ಲು ಮುಚ್ಚಕ್ಕೆ ಮುಹೂರ್ತ ನೋಡ್ತಾ ಇದೀರಾ?"

"ನೀವು ಹುಲ್ಲು ಚೆಲ್ಲೋದು ನಿಲ್ಸ್ರಮ್ಮ ಮೊದ್ಲು! ಇದೇನು ರೈಲಾ, ಕೊಟ್ಟಿಗೇನಾ?"

ದಿನದಿನಕ್ಕೆ ತಡವಾಗತೊಡಗಿತು. ನಿಲ್ದಾಣದಲ್ಲಿ ಇಳಿದ ಕೂಡಲೇ ಅತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ತೋಪಿನ ಒಳದಾರಿಯಲ್ಲಿ ಓಡುತ್ತಿದ್ದರು. ದಿನವಿಡೀ ಹೆಡ್‌ಫೋನು ಹಾಕಿ ಅವರ ಕಿವಿಯ ಮೇಲೆ ಕೆಂಪು ಗೆರೆ ಬಿದ್ದಿರುತ್ತಿತ್ತು. ಮನೆಗೆ ಹೋದರೆ ಅಮ್ಮ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಮ್ಮೆ ಡೈರಿಯವನು ಕ್ಯಾನಿನ ಮುಚ್ಚಳ ಹಾಕುತ್ತಿದ್ದಾಗ ನಮ್ಮ ಹಾಲು ತಲುಪಿತ್ತು.

"ದಿನವೆಲ್ಲ ಎಲ್ರಿಗೂ ಲೈನ್ ಕೊಡ್ತೀನಿ ಕಣೇ, ನನ್ ಲೈನೇ ಕ್ಲಿಯರ್ ಆಗಲ್ಲ" ಎಂದರು ಅತ್ತಿಗೆ ಒಂದು ಸಂಜೆ, ಕಿಟಕಿಗೆ ತಲೆ ಒರಗಿಸಿ. ನಗಲೆಂದು ಹೇಳಿದ ಮಾತು. ನನಗೆ ನಗಲು ಆಗಲಿಲ್ಲ. ಹೊಸ ವಸ್ತು ಪಳಗಬೇಕು ಎನ್ನುವ ಮಾತನ್ನು ನಾನೂ ಬಿಟ್ಟಿದ್ದೆ.

ಆಮೇಲೆ ಆ ಸಂಜೆ. ಕೋಲಾರ ನಿಲ್ದಾಣದಲ್ಲಿ ಬಾಗಿಲು ಎಂದಿನಂತೆ ಸಿಕ್ಕಿಕೊಂಡಿತು. ಮಾವಿನ ತೋಪು ಗುತ್ತಿಗೆ ಹಿಡಿಯುವ ಯಜಮಾನರೊಬ್ಬರು ಖಾಲಿ ಬುಟ್ಟಿಗಳ ಜೊತೆ ಹತ್ತಿದ್ದರು. ಅವರು ಹೊರಗೆ ನಿಂತಿದ್ದ ಎತ್ತಿನ ಗಾಡಿಯಿಂದ ಕೀಲೆಣ್ಣೆ ತುಂಬಿದ ಬಿದಿರು ಗೊಟ್ಟವನ್ನು ಬಿಚ್ಚಿಕೊಂಡು ಬಂದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಾಕುತ್ತಾರಲ್ಲ, ಆ ಕಪ್ಪು ಎಣ್ಣೆ.

"ಗಾಡಿ ಅಂದ್ಮ್ಯಾಲೆ ಕೀಲೆಣ್ಣೆ ಬ್ಯಾಡ್ವೇನಪ್ಪ ಗಾರ್ಡಪ್ಪ? ನಮ್ ಗಾಡಿಗೆ ಬೇಕು, ನಿಮ್ ರೈಲ್‌ಗಾಡಿ ಏನ್ ಆಕಾಶದಿಂದ ಉದುರ್ತಾ?"

"ಹಾಕಿ ಸಾಮಿ, ಏನಾದ್ರೂ ಹಾಕಿ. ಮುಚ್ಚಿದ್ರೆ ಸಾಕು."

ಯಜಮಾನರು ಗೊಟ್ಟವನ್ನು ಪೂರ್ತಿ ಬಗ್ಗಿಸಿದರು. ಬಾಗಿಲು ಸೊರ್ರನೆ ಜಾರಿ ಮುಚ್ಚಿತು. ಬೋಗಿಯಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಗಾರ್ಡು ಯಜಮಾನರಿಗೆ ಕೈಮುಗಿದು ಬಾವುಟ ಬೀಸಿದರು. ಎಷ್ಟೋ ದಿನಗಳ ಮೇಲೆ ಅತ್ತಿಗೆ ಬೆನ್ನು ಸಡಿಲಿಸಿ ಕೂತರು.

ನಡುವಿನ ಒಂದು ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ಬುಟ್ಟಿಗಳು ಇಳಿದವು, ಬುಟ್ಟಿಗಳು ಹತ್ತಿದವು. ಹುಲ್ಲು ಉದುರಿತು, ಕಾಲಿನ ಕೆಮ್ಮಣ್ಣು ಉದುರಿತು, ಎರಡೂ ಎಣ್ಣೆಯಲ್ಲಿ ಕಲಸಿಕೊಂಡವು. ಬಾಗಿಲು ಅರ್ಧಕ್ಕೆ ಬಂದು, ಕಾಲುವೆಗೆ ಗಾರೆ ಹಾಕಿ ಮೆತ್ತಿದಂತೆ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಡ್ಡಿ ಹಾಕಿದರೆ ಕಡ್ಡಿ ಮುರಿಯಿತು. ಭುಜ ಕೊಟ್ಟವರ ಅಂಗಿಯೆಲ್ಲ ಕಪ್ಪಾಯಿತು. ಯಜಮಾನರು, "ಇನ್ನೊಂದ್ ಗೊಟ್ಟ ಸಿಕ್ಕಿದ್ರೆ…" ಎನ್ನುತ್ತಿದ್ದಂತೆ ಜನವೆಲ್ಲ ಅವರ ಮೇಲೆ ತಿರುಗಿಬಿದ್ದರು.

"ನೀವ್ ಸುಮ್ಕಿರಿ ಯಜಮಾನ್ರೇ! ರೈಲ್ಗೆ ನೊಗ ಕಟ್ಟೋದೊಂದೇ ಬಾಕಿ!"

ಹೊತ್ತು ಇಳಿಯುತ್ತಿತ್ತು. ತೋಪಿನ ನೆರಳು ಉದ್ದವಾಗಿ ಹಳಿ ದಾಟಿತು. ಗಾರ್ಡು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅತ್ತಿಗೆ ಎದ್ದು ಹೋಗಿ ಅವರ ಮುಂದೆ ನಿಂತರು.

"ಅಣ್ಣಾ, ಬಾಗ್ಲು ಮುಚ್ಚದೆ ಓಡಿಸ್ಬಾರ್ದು ಅಂತ ಯಾಕೆ ಅಂದವ್ರೆ? ಜನ ಬೀಳ್ತಾರೆ ಅಂತ ತಾನೇ? ಎಲ್ರನ್ನೂ ಇಳಿಸಿ ಬೇರೆ ಬೋಗಿಗೆ ಹತ್ಸಿ. ಖಾಲಿ ಬೋಗೀಲಿ ಯಾರು ಬೀಳ್ತಾರೆ?"

ಗಾರ್ಡು ಅವರ ಮುಖ ನೋಡಿದರು. ಹುಕುಂ ಕೊಟ್ಟವರು ಎದುರಿಗಿಲ್ಲ. ಎದುರಿಗಿದ್ದವರು ಅತ್ತಿಗೆ. "ಪದಂಡಮ್ಮಾ ಪದಂಡಿ, ಎಲ್ಲಾ ಇಳೀರಿ!" ಎಂದು ಸೀಟಿ ಊದಿ ಎಲ್ಲರನ್ನೂ ಹೊರಡಿಸಿದರು. ಜನ, ಬುಟ್ಟಿ, ಹುಲ್ಲು ಎಲ್ಲವನ್ನೂ ಉಳಿದ ಬೋಗಿಗಳಿಗೆ ತುರುಕಿ, ಬಾಯಿ ತೆರೆದುಕೊಂಡ ಆ ಖಾಲಿ ಡಬ್ಬವನ್ನು ಎಳೆದುಕೊಂಡು ರೈಲು ಹೊರಟಿತು. ಆದರೆ ದೀಪ ಹಚ್ಚುವ ಹೊತ್ತು ದಾಟಿಹೋಗಿತ್ತು.

ಅಂದು ಅತ್ತಿಗೆ ಓಡಲಿಲ್ಲ. ಚಪ್ಪಲಿ ಹಾಕಿಕೊಂಡೇ ನಿಧಾನಕ್ಕೆ ನಡೆದರು. ಮನೆ ಹತ್ತಿರವಾದಾಗ ಅವರು ನಿಂತು ಕಿವಿಗೊಟ್ಟರು. ಹಸುವಿನ ಕೂಗು ಇರಲಿಲ್ಲ. ಅದಕ್ಕೆ ಅವರು ಇನ್ನೂ ಹೆದರಿದರು.

ಕೊಟ್ಟಿಗೆಯಲ್ಲಿ ಲಾಟೀನು ಉರಿಯುತ್ತಿತ್ತು. ಅತ್ತಿಗೆ ದಿನಾ ಹಾಲು ಕರೆಯುವಾಗ ಉಡುತ್ತಿದ್ದ ಹಳೇ ನೀಲಿ ಸೀರೆಯನ್ನು ತಲೆಯಿಂದ ಹೊದ್ದು, ಹಸುವಿನ ಪಕ್ಕ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಅಮ್ಮ. ಚೊಂಬಿನಲ್ಲಿ ಕೊನೆಯ ಧಾರೆ ಬೀಳುತ್ತಿತ್ತು. ಮೊದಲು ಇಳಿದಷ್ಟು ಹಾಲನ್ನು ಅಣ್ಣ ಕ್ಯಾನು ಮುಚ್ಚುವ ಮುಂಚೆಯೇ ಡೈರಿಗೆ ಒಯ್ದಿದ್ದ.

"ರೈಲ್ ಕೂಗ್ಲಿಲ್ಲ, ಇವ್ಳು ಕೂಗಿದ್ಳು" ಎಂದರು ಅಮ್ಮ, ತಿರುಗಿ ನೋಡದೆ. "ಒಂದ್ಸಲ ಒದ್ದಳು. ನಿನ್ ಸೀರೆ ಹೊದ್ಕೊಂಡು ಬಂದೆ. ಮೂಸಿ ಮೂಸಿ ನೋಡಿ ಸುಮ್ನಾದ್ಳು."

ಅತ್ತಿಗೆ ಹೊಸಿಲಲ್ಲೇ ನಿಂತಿದ್ದರು. ಕೊಟ್ಟ ಮಾತು ತಪ್ಪಿತ್ತು. ಅಮ್ಮನ ಬಾಯಿಂದ ಬರಬೇಕಾದ ಇನ್ನೊಂದು ಮಾತಿಗೆ, ಕೆಲಸ ಬಿಡು ಎನ್ನುವುದಕ್ಕೆ, ಕಾಯುತ್ತಿದ್ದರು. ನಾನು ಬೋಗಿ, ಕೀಲೆಣ್ಣೆ, ಹುಲ್ಲು ಎಂದು ಏನೇನೋ ಶುರುಮಾಡಿದೆ. ಅಮ್ಮ ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಸೊಂಟ ಹಿಡಿದುಕೊಂಡು ಎದ್ದು ಸೀರೆಯನ್ನು ಗೂಟಕ್ಕೆ ಹಾಕಿದರು.

"ಇದನ್ನ ಒಗೀಬೇಡ. ವಾಸನೆ ಹೋದ್ರೆ ನನ್ನ ಹತ್ರ ಸೇರ್ಸಲ್ಲ. ಬೆಳಿಗ್ಗೆ ಕರೆಯೋವಾಗ ನೀನೇ ಉಟ್ಕೊ, ಸಾಯಂಕಾಲಕ್ಕೆ ಇಲ್ಲೇ ಇರ್ಲಿ. ಹೋಗು, ಕೈಕಾಲು ತೊಳ್ಕೊ, ಮುದ್ದೆ ಆರ್ತದೆ."

ಅತ್ತಿಗೆ ಹೊಸಿಲು ದಾಟಿ ಒಳಗೆ ಬಂದರು. ಹಸುವಿನ ಬೆನ್ನ ಮೇಲೆ ಕೈ ಊರಿ ಭಾರ ಬಿಟ್ಟು ನಿಂತರು. ಅಷ್ಟು ದಣಿದಿದ್ದರು. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಎಂದಿನಂತೆ ರೈಲಿಗೆ ಕಾಯುತ್ತಾ ನಿಂತೆವು.

ಆ ಡಬ್ಬವನ್ನು ಕೋಲಾರದಲ್ಲಿ ಕಳಚಿ ಪಕ್ಕದ ಲೈನಿನಲ್ಲಿ ನಿಲ್ಲಿಸಿದರು. ಆಮೇಲೆ ಅದು ಮತ್ತೆ ಗೂಡ್ಸ್ ಆಯಿತು, ಕಿಟಕಿಗಳ ಸಮೇತ. ಅದು ಹೋದ ಮೇಲೂ ಸಂಜೆ ಹಾಲು ಕರೆಯುವವರು ಅಮ್ಮನೇ. ಈಗ ಹೊಸ ಬೋಗಿಯ ಸುದ್ದಿ ಬಂದರೆ ನಾನು ಮೊದಲಿನ ಹಾಗೆ ಕುಣಿಯುವುದಿಲ್ಲ. ಬಾಗಿಲು ಎಂಥದ್ದು ಎಂದು ಕೇಳುತ್ತೇನೆ.

ನಿಮ್ಮ ಊರಿನ ರೈಲಿಗೋ ಬಸ್ಸಿಗೋ ಹೊಸದೊಂದು ಬಂದು ಸೇರಿದಾಗ ಯಾರ ಮನೆಯಲ್ಲಿ ಏನು ಏರುಪೇರಾಯಿತು? ಯಾರು ಓಡಿದರು, ಯಾರು ಕಾದರು? ಚಿಕ್ಕದಾದರೂ ಸರಿ, ಬರೆದು ತಿಳಿಸಿ. ಕೀಲೆಣ್ಣೆ ಹಾಕಿದವರು ನಮ್ಮ ಕಡೆಯವರು ಮಾತ್ರವೇ ಎಂದು ನನಗೆ ತಿಳಿಯಬೇಕಾಗಿದೆ.