ಆಪರೇಷನ್ ಕೋಣೆಯ ಮುಂದೆ ಬಂದ ನಗು

ನನ್ನ ತಂಗಿಯ ಮಗನನ್ನು ಎಲ್ಲರೂ ಗಿಳಿ ಅಂತಲೇ ಕರೆಯುವುದು. ತಂಗಿ ಬೇಗ ತೀರಿಕೊಂಡಳು, ಸಾಕಿದ್ದು ನಾನು. ಬೈಯಲು ಹೋದರೆ ನನ್ನ ದನಿಯಲ್ಲೇ ನನ್ನನ್ನು ಬೈದು, ನಾನು ನಕ್ಕ ಮೇಲೆ ಕೈಗೆ ಸಿಗದೆ ಓಡುತ್ತಿದ್ದ.

ಆ ಗಂಟಲೇ ಅವನಿಗೆ ಅನ್ನ ಕೊಟ್ಟಿತು. ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಒಂದು ಕಾರ್ಟೂನು ಧಾರಾವಾಹಿ. ಬೊಂಬೆಗಳು ಸಂಸಾರ ಮಾಡುತ್ತವೆ, ಮಾತೆಲ್ಲ ದೊಡ್ಡವರದ್ದು. ಹಳೇ ಸಿನಿಮಾ, ಜಾಹೀರಾತು, ವಾರ್ತೆ, ಏನನ್ನೂ ಬಿಡದೆ ಅಣಕಿಸುತ್ತಾರೆ. ಅಣಕದ ದನಿಗಳೆಲ್ಲ ಗಿಳಿಯವೇ. ದನಿ ಹಿಡಿಯುವ ಕೋಣೆಯನ್ನು ಒಮ್ಮೆ ತೋರಿಸಿದ್ದ. ಗೋಡೆಗೆಲ್ಲ ಸ್ಪಂಜು, ಕಿಟಕಿ ಇಲ್ಲ, ಫ್ಯಾನು ಹಾಕುವಂತಿಲ್ಲ. ಗಾಜಿನಾಚೆ ಕೂತವನು ಕೈ ಎತ್ತಿದರೆ ಇವನು ಸಾಬೂನು ಮಾರುವ ಹೆಂಗಸಾಗುತ್ತಾನೆ, ಇಳಿಸಿದರೆ ಬೆವರು ಒರೆಸಿಕೊಳ್ಳುತ್ತಾನೆ.

"ನಿನ್ನ ದನಿ ಯಾವುದೋ ಇದರಲ್ಲಿ?" ಅಂದೆ.

"ಅದಕ್ಕೆ ಯಾರು ದುಡ್ಡು ಕೊಡ್ತಾರೆ ದೊಡ್ಡಮ್ಮ?"

ಅವನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಾದು ಕಾದು ಬಸುರಾಗಿದ್ದಳು. ಅವಳಿಗೆ ದಿನ ತುಂಬಿದ್ದಾಗ ಧಾರಾವಾಹಿಯವರು ಮಾಡುತ್ತಿದ್ದದ್ದು ಆಸ್ಪತ್ರೆಯ ಕಂತು. ಬೊಂಬೆ ಮನೆಯ ಹಳೇ ಟೀವಿಗೆ ಕಾಯಿಲೆ. ಅದನ್ನು ಸ್ಟ್ರೆಚರಿನ ಮೇಲೆ ಒಯ್ಯುತ್ತಾರೆ, ಕೆಂಪು ದೀಪ ಆರುತ್ತದೆ, ಪಿಟೀಲು ಅಳುತ್ತದೆ. ಡಾಕ್ಟರು ಹೊರಗೆ ಬಂದು, ಕನ್ನಡಕ ತೆಗೆದು, ಹಳೇ ಸಿನಿಮಾ ಡಾಕ್ಟರುಗಳ ಹಾಗೆ, "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ. ರಿಮೋಟು ಮಾತ್ರ ಉಳೀತು" ಅನ್ನುತ್ತಾನೆ. ಅದೊಂದು ಮಾತನ್ನು ಗಾಜಿನಾಚೆಯವನು ಗಿಳಿಯಿಂದ ಬೆಳಗಿಂದ ಸಂಜೆವರೆಗೆ ಹೇಳಿಸಿದನಂತೆ, ಇನ್ನೂ ದುಃಖ ಹಾಕು, ಇನ್ನೂ ಹಾಕು ಅಂತ.

ಮಾರನೇ ದಿನವೇ ಅವಳಿಗೆ ನೋವು ಕಾಣಿಸಿಕೊಂಡಿತು. ಆಪರೇಷನ್ ಕೋಣೆಯ ಮುಂದಿನ ಬೆಂಚಿನಲ್ಲಿ ನಾನು, ಗಿಳಿ, ಅವನ ಅತ್ತೆ. ಡಾಕ್ಟರು ಬಂದರು. ಕನ್ನಡಕ ತೆಗೆದರು.

"ನೋಡಿ, ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ. ತಾಯಿ ಮಾತ್ರ ಉಳಿದ್ರು."

ಗಿಳಿ ನಕ್ಕುಬಿಟ್ಟ. ಮೂಗಿನಿಂದ ಬಾಯಿಂದ ಒಟ್ಟಿಗೆ ಸಿಡಿದ ನಗು. ಮರುಕ್ಷಣ ಗೋಡೆಗೆ ಒರಗಿ ಕುಸಿದ, ಬಾಯಿಗೆ ಅಂಗಿ ತುರುಕಿಕೊಂಡ. ಅತ್ತೆಯ ಕಣ್ಣಿಗೆ ಬಿದ್ದದ್ದು ನಗು ಒಂದೇ.

ಮಗಳಿಗೆ ಎಚ್ಚರವಾದ ಮೇಲೆ ಆಕೆ ಅದನ್ನೂ ಹೇಳಿದರು. ಆಸ್ಪತ್ರೆಯಿಂದ ಮಗಳು ನೇರ ತಾಯಿಯ ಮನೆಗೆ ಹೋದಳು. ಇನ್ನು ಗಂಡನ ಜೊತೆ ಬಾಳುತ್ತಾಳೋ ಇಲ್ಲವೋ ಅನ್ನುವುದು ಆ ನಗುವಿನ ಮೇಲೆ ನಿಂತಿತು.

ಗಿಳಿ ಅಲ್ಲಿಗೆ ಹೋದ. ಅತ್ತೆ ಬಾಗಿಲಲ್ಲೇ ತಡೆದರು. "ಇವತ್ತು ಯಾರ ದನೀಲಿ ಮಾತಾಡೋಕೆ ಬಂದ್ರಿ, ಅಳಿಯಂದಿರೇ?"

ಇವನು ಬಾಯಿ ತೆರೆದ. ಬಂದದ್ದು ಸಿನಿಮಾದ ಗಂಡನ ನಡುಗು ದನಿ. ಅದು ಅವನ ಕಿವಿಗೂ ಬಿತ್ತು, ಅರ್ಧಕ್ಕೇ ನಿಲ್ಲಿಸಿದ. ಒಳಗೆ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಆಮೇಲೆ ನಾನು ಅವಳ ಹತ್ತಿರ ಹೋದೆ. "ನಾನು ಅವನ ಪರ ಹೇಳೋಕೆ ಬಂದಿಲ್ಲ ಕಣೆ. ಶನಿವಾರ ಆ ಕಂತು ಬರತ್ತೆ. ಒಂದು ಸಲ ನೋಡು. ಆಮೇಲೆ ಬೇಡ ಅಂದ್ರೆ ಬೇಡ."

ಶನಿವಾರ ಸಂಜೆ ಅವಳೇ ಟೀವಿ ಹಾಕಿದಳು. ನನ್ನ ಜೊತೆ ಬಂದ ಗಿಳಿ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲೇ ಕೂತ. ಡಾಕ್ಟರು ಆ ಮಾತು ಹೇಳಿದಾಗ ಪಕ್ಕದ ಮನೆಯಲ್ಲಿ ಎಲ್ಲರೂ ನಕ್ಕಿದ್ದು ಗೋಡೆಯಾಚೆಯಿಂದ ಕೇಳಿಸಿತು.

"ಇದೇನಾ?" ಅಂದಳು ಅವಳು.

"ಹೂಂ."

"ಅದರ ಹಿಂದಿನ ದಿನವೆಲ್ಲ ಇದನ್ನೇ ಹೇಳಿದ್ರಾ?"

"ಇದನ್ನೇ."

ಆಮೇಲೆ ಅವಳು ಟೀವಿ ಕಡೆಗೇ ನೋಡುತ್ತ ಕೇಳಿದಳು, "ನೀವು ಮಗು ನೋಡಿದ್ರಾ? ನನಗೆ ಯಾರೂ ತೋರಿಸ್ಲಿಲ್ಲ."

"ನೋಡ್ದೆ. ಕೂದ್ಲು… ಕೂದ್ಲು ತುಂಬಾ ಇತ್ತು. ಕಿವಿ ನಿಂದೇ. ಬೆರಳು ಮಡಚ್ಕೊಂಡಿತ್ತು, ಬಿಡಿಸೋಕೆ ಹೋದೆ, ಆಗ್ಲಿಲ್ಲ…"

ಒಡಕು ದನಿ, ತಡವರಿಸುವ ಮಾತು. ಅವನನ್ನು ಎತ್ತಿ ಆಡಿಸಿದ ನಾನೇ ಆ ದನಿ ಕೇಳಿರಲಿಲ್ಲ. ಅತ್ತೆ ಎದ್ದು ಟೀವಿ ಆರಿಸಿದರು.

ಅವತ್ತು ಅವಳು ಅವನ ಜೊತೆ ಹೊರಡಲಿಲ್ಲ. "ನಾಳೆ ಬನ್ನಿ. ಮಿಕ್ಕಿದ್ದು ಹೇಳಿ" ಅಂದಳಷ್ಟೆ. ಕಣ್ಣೇ ಬಿಡದ ಕೂಸಿನ ಬಗ್ಗೆ ಹೇಳುವುದಕ್ಕೆ ಇನ್ನೆಷ್ಟಿದ್ದೀತು? ಆದರೂ ಸಂಜೆ ಕೆಲಸ ಮುಗಿದ ಮೇಲೆ ಅವನು ದಿನಾ ಆ ಕಡೆಯೇ ಹೋಗುತ್ತಿದ್ದಾನೆ. ಅವಳು ದಿನಾ ಕೇಳುತ್ತಿದ್ದಾಳೆ.