ಅತ್ತೆಯವರ ಕಲ್ಲು, ಅಳಿಯನ ಗೂಟ

ನನ್ನ ಹೆಂಡತಿ ನೋಲಾಳ ತಾಯಿಯ ಬಗ್ಗೆ ಬರೆಯಲು ನನ್ನಷ್ಟು ಅಯೋಗ್ಯ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನಾನು ಅವರ ಮುಖ ನೋಡಿಲ್ಲ. ನೇರವಾಗಿ ಒಂದು ಮಾತೂ ಆಡಿಲ್ಲ. ಅವರ ಹೆಸರು ನನ್ನ ಬಾಯಲ್ಲಿ ಬರಕೂಡದು, ಆದ್ದರಿಂದ ಇಲ್ಲಿಯೂ ಬರುವುದಿಲ್ಲ. ಜಗಳವಿದೆ ಎಂದುಕೊಳ್ಳಬೇಡಿ. ಇದು ಮರ್ಯಾದೆ. ಅತ್ತೆ ಮತ್ತು ಅಳಿಯ ಒಬ್ಬರ ಕಣ್ಣಿಗೆ ಒಬ್ಬರು ಬೀಳಬಾರದು ಎಂದು ನಮ್ಮ ಹಿರಿಯರು ಕಟ್ಟು ಮಾಡಿಟ್ಟಿದ್ದಾರೆ. ಲೋಕದ ಅರ್ಧ ಜಗಳಕ್ಕೆ ಅವರು ಮೊದಲೇ ಬೇಲಿ ಹಾಕಿಬಿಟ್ಟರು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮುಖ ಬಿಟ್ಟು ಮಿಕ್ಕದ್ದೆಲ್ಲ ಗೊತ್ತು. ಅವರು ಹುಟ್ಟಿದ್ದು ಕೆಂಪು ಬಂಡೆಯ ಕೆಳಗಿನ ಮಡುವಿನ ದಂಡೆಯಲ್ಲಿ. ಹನ್ನೊಂದು ವರ್ಷಕ್ಕೆ ಬಿಳಿ ಧಣಿಯ ದನದ ಕ್ಯಾಂಪಿನಲ್ಲಿ ಕುದುರೆ ಹತ್ತಿದರು. ಕೂಲಿ ಎಂದರೆ ಹಿಟ್ಟು, ಸಕ್ಕರೆ, ಹೊಗೆಸೊಪ್ಪು. ಒಂದು ಕುದುರೆ ತುಳಿದು ಎಡಗಾಲಿನ ಕಿರುಬೆರಳು ಹೋಯಿತು. ನಾಲ್ಕು ಬೆರಳಿನ ಆ ಹೆಜ್ಜೆ ಮರಳಿನಲ್ಲಿ ಕಂಡರೆ ನಾನು ದಾರಿ ಬದಲಿಸುತ್ತೇನೆ. ಬಿಳಿಯರು ಕಿತ್ತುಕೊಂಡಿದ್ದ ನಮ್ಮ ನೆಲ ನಮಗೆ ತಿರುಗಿ ಸಿಕ್ಕಾಗ ಎಲ್ಲರಿಗಿಂತ ಮೊದಲು ಬಂದು ಡೇರೆ ಹೊಡೆದವರು ಅವರೇ. ಆ ಬಂಡೆಯ ಮೇಲೆ ನಮ್ಮ ಪೂರ್ವಿಕರು ಬರೆದ ಚಿತ್ರಗಳ ಕಥೆ ಪೂರ್ತಿ ತಿಳಿದವರು ಈಗ ಅವರೊಬ್ಬರೇ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ ಎಂದು ಕೇಳಿದ್ದೇನೆ.

ಊರಿನ ಅಂಗಡಿಗೆ ಅವರು ಮುಂಬಾಗಿಲಿನಿಂದ ಬಂದರೆ ನಾನು ಹಿಂಬಾಗಿಲಿನಿಂದ ಹೊರಗೆ. ಒಂದು ಸಲ ಹಿಂಬಾಗಿಲಿಗೆ ಬೀಗ ಇತ್ತು. ಬೇರೆ ದಾರಿ ಕಾಣದೆ ಮಾಂಸ ಇಡುವ ತಣ್ಣನೆಯ ಕೋಣೆಗೆ ನುಗ್ಗಿದೆ. ಅವರು ಬಂದು ಕೂತು, ತಮ್ಮ ಮಂಡಿನೋವಿನ ವೃತ್ತಾಂತವನ್ನು ನಲವತ್ತು ನಿಮಿಷ ಹೇಳಿದರು. ಆಮೇಲೆ ಬಾಗಿಲು ತೆಗೆದವಳು ಅಂಗಡಿ ನೋಡಿಕೊಳ್ಳುವ ಜೋಸ್ಲಿನ್, ನನ್ನ ಅಕ್ಕನ ಮಗಳು.

“ಹೊರಗೆ ಬಾ ಮಾವ, ಹೋದ್ರು. ನಿನ್ನ ಮೀಸೆ ಕೆಜಿಗೆ ಎಷ್ಟು ಅಂತ ಬರೀಲಿ?”

ಅವರಿಗೆ ನನ್ನಿಂದ ಏನಾದರೂ ಆಗಬೇಕಾದರೆ ನೋಲಾಳ ಮೂಲಕ ಮಾತು ಬರುತ್ತದೆ. ನೋಲಾ ಇಲ್ಲದಿದ್ದರೆ ನಾಯಿ ಇದೆ. ಅದರ ಹೆಸರು ಸಾರ್ಜೆಂಟ್.

“ಸಾರ್ಜೆಂಟ್,” ಎನ್ನುತ್ತಾರೆ ಮನೆಯ ಆಚೆ ಬದಿಯಿಂದ, “ಕೆಲವರು ಕಟ್ಟಿಗೆ ತರ್ತೀನಿ ಅಂದು ಮೂರು ದಿನ ಆಯ್ತು. ಕಾಡು ಸುಟ್ಟುಹೋಯ್ತೋ ಏನೋ.”

“ಸಾರ್ಜೆಂಟ್,” ಎನ್ನುತ್ತೇನೆ ನಾನು ಈಚೆ ಬದಿಯಿಂದ, “ಕೆಲವರ ಗಾಡಿ ಟೈರು ಪಂಕ್ಚರ್ ಆಗಿತ್ತು. ಅದನ್ನೂ ತಿಳ್ಕೊಂಡಿರು.”

ಮಗಳಿಗೆ ಹೇಳಿ ಸೊಸೆಗೆ ಮುಟ್ಟಿಸುವುದು ಎನ್ನುತ್ತಾರಲ್ಲ, ಹಾಗೆ. ನಾಯಿ ಎರಡು ಕಡೆಯೂ ಬಾಲ ಆಡಿಸುತ್ತದೆ.

ಹೀಗಿರುವಾಗ ಸರ್ಕಾರದ ಇಲಾಖೆಯವರು ಪ್ರವಾಸಿಗರಿಗೆಂದು ಚಿತ್ರದ ಬಂಡೆಗೆ ಮರದ ಹಲಗೆಯ ಕಾಲುದಾರಿ ಮಾಡಲು ಹೊರಟರು. ಅವರ ನಕ್ಷೆಯಲ್ಲಿ ದಾರಿ ಬಂಡೆಯ ಎಡಗಡೆಯಿಂದ ನೆಟ್ಟಗೆ ಹೋಗಿತ್ತು. ಎಡಗಡೆ ಹೆಂಗಸರ ಜಾಗ. ಅಲ್ಲಿ ಏನಿದೆ, ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗಂಡಸರಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಪರಂಪರೆಯ ಜಾಗಗಳನ್ನು ಆಯಾ ಊರಿನ ಜನರೇ ನೋಡಿಕೊಳ್ಳಬೇಕು ಎಂದು ಹೊಸ ನಿಯಮ ಬಂದಿತ್ತು. ಜಾಗದ ಕಥೆ ತಿಳಿದವರೊಬ್ಬರು, ಊರಿನ ಕಾವಲುಗಾರರ ಮುಖ್ಯಸ್ಥನೊಬ್ಬ, ಇಬ್ಬರೂ ಕೂಡಿ ದಾರಿ ತೋರಿಸಿ ಸಹಿ ಹಾಕಿದರೆ ನಕ್ಷೆ ಬದಲಾಗುತ್ತದೆ. ಇಲ್ಲವಾದರೆ ಹಳೆಯ ನಕ್ಷೆಯೇ ಗಟ್ಟಿ, ಸೋಮವಾರದಿಂದ ಕೆಲಸ ಶುರು. ಕಥೆ ತಿಳಿದವರು ನಮ್ಮ ಅತ್ತೆ. ಕಾವಲುಗಾರರ ಮುಖ್ಯಸ್ಥ ನಾನು.

ಶುಕ್ರವಾರ ಸಣ್ಣ ವಿಮಾನದಲ್ಲಿ ಲಾಕ್ಲನ್ ಎಂಬ ಅಧಿಕಾರಿ ಬಂದಿಳಿದ. ನಾಲ್ಕು ಗಂಟೆಗೆ ಅದೇ ವಿಮಾನದಲ್ಲಿ ವಾಪಸು. ಅದೇ ದಿನ ನೋಲಾ ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದಳು. ಇಂಗ್ಲಿಷ್ ಬರುವ ಉಳಿದವರೆಲ್ಲ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಲು ಅದೇ ಗಾಡಿ ಹತ್ತಿದ್ದರು. ಅತ್ತೆಯವರಿಗೆ ಬರುವ ಇಂಗ್ಲಿಷೆಲ್ಲ ದನ ಅಟ್ಟುವ ಬೈಗುಳ. ಅವರ ಮಾತನ್ನು ಲಾಕ್ಲನ್‌ಗೆ ದಾಟಿಸಲು ಊರಲ್ಲಿ ಉಳಿದವನು ನಾನೊಬ್ಬನೇ, ಆ ಮಾತನ್ನು ನೇರವಾಗಿ ಕೇಳಿಸಿಕೊಳ್ಳಬಾರದವನೂ ನಾನೊಬ್ಬನೇ.

ಲಾಕ್ಲನ್ ಕೆಟ್ಟವನಲ್ಲ. ಅಭಿಪ್ರಾಯ ಸಂಗ್ರಹಕ್ಕೆಂದು ಬಣ್ಣಬಣ್ಣದ ಚೀಟಿ ತಂದಿದ್ದ. ಕುರ್ಚಿಗಳನ್ನು ದುಂಡಗೆ ಜೋಡಿಸಿದ.

“ಎಲ್ಲರೂ ಮುಖಾಮುಖಿ ಕೂತ್ರೆ ಮನಸ್ಸು ಬಿಚ್ಚಿ ಮಾತಾಡಬಹುದು, ಕ್ಲಿಫ್ಟನ್ ಅವರೇ.”

ನಾನು ಕುರ್ಚಿ ತಿರುಗಿಸಿ ಅವನಿಗೆ ಬೆನ್ನು ಹಾಕಿ ಕೂತೆ. ಅತ್ತೆಯವರು ನೀರಿನ ಟ್ಯಾಂಕಿನ ಹಿಂದೆ ಕೂತರು. ದುಂಡಗಿನ ಕುರ್ಚಿಗಳಲ್ಲಿ ಲಾಕ್ಲನ್ ಒಬ್ಬನೇ ಉಳಿದ, ಜೊತೆಗೆ ಸಾರ್ಜೆಂಟ್.

“ಮನೆಯೊಳಗೆ ಏನಾದ್ರೂ ಮನಸ್ತಾಪಾನಾ?” ಎಂದು ಪಿಸುಗುಟ್ಟಿದ.

“ಮನಸ್ತಾಪ ಇಲ್ಲ. ಇನ್ನೊಂದು ಸಲ ಕೇಳಿದ್ರೆ ನಿನಗೂ ನನಗೂ ಆಗುತ್ತೆ.”

ಅವನು ಕಾಗದದ ಮೇಲೆ ‘ಊರಿನಲ್ಲಿ ಸಹಮತವಿಲ್ಲ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬರೆಯತೊಡಗಿದ. ಆ ಸಾಲು ಮುಗಿದರೆ ಹೆಂಗಸರ ಜಾಗದ ಮೇಲೆ ಕಂಡಕಂಡ ಪ್ರವಾಸಿಗರೆಲ್ಲ ಚಪ್ಪಲಿ ಕಾಲಲ್ಲಿ ಓಡಾಡುತ್ತಾರೆ. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಕ್ಕೆ ತಿರುಗದೆ ಕೈ ಚಾಚಿ ಪೆನ್ನು ಕಿತ್ತುಕೊಂಡೆ.

“ಗಾಡಿ ಹತ್ತು ತಮ್ಮಾ. ಸಹಮತ ಎಲ್ಲಿದೆ ಅಂತ ತೋರಿಸ್ತೀನಿ.”

ಅತ್ತೆಯವರು ತಲೆಗೆ ಕಂಬಳಿ ಹೊದ್ದು, ಗಾಡಿಯ ಹಿಂಬದಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತರು. ನಾನು ಮುಂದಕ್ಕೆ ಮುಖ ಮಾಡಿ ಓಡಿಸಿದೆ.

“ಹಿಂದಿನದು ಕಾಣೋ ಕನ್ನಡಿ ಎಲ್ಲಿ?” ಎಂದ ಲಾಕ್ಲನ್.

“ಮದುವೆ ದಿನ ಕಿತ್ತೆ.”

ಬಂಡೆಯ ಹತ್ತಿರ ಇಳಿದೆವು. ಅತ್ತೆಯವರು ನನ್ನ ಬೆನ್ನ ಹಿಂದಿನ ದಿಬ್ಬದ ಮೇಲೆ ಹೋಗಿ ಕೂತರು. ನಾನು ದಾರಿಗೆ ಗುರುತು ನೆಡಲು ಸುತ್ತಿಗೆ, ಗೂಟಗಳನ್ನು ಹಿಡಿದು ನಿಂತೆ.

“ಸಾರ್ಜೆಂಟ್,” ಎಂದಿತು ದಿಬ್ಬದ ದನಿ, “ಮೊದಲನೇ ಗೂಟ ಎಲ್ಲಿ ಹಾಕಬೇಕು ಅಂದ್ರೆ...”

ಅಷ್ಟರಲ್ಲಿ ಪೊದೆಯಿಂದ ಒಂದು ಉಡ ಹೊರಟಿತು. ಸಾರ್ಜೆಂಟ್ ಉಡದ ಹಿಂದೆ ಹೋಯಿತು. ಅರ್ಧ ಮಾತು ದಿಬ್ಬದ ಮೇಲೇ ಉಳಿಯಿತು. ನಾಯಿಯಿಲ್ಲದೆ ಆಡಿದರೆ ಅದು ನನಗೇ ಆಡಿದ ಹಾಗೆ. ನಾನು ಆ ನಾಯಿಯ ಇಡೀ ವಂಶವನ್ನು ಬೈದೆ.

ಲಾಕ್ಲನ್ ಗಡಿಯಾರ ನೋಡಿದ. “ಎರಡೂವರೆ ಆಯ್ತು. ನೀವೇ ಒಂದು ಅಂದಾಜು ಹೇಳಿಬಿಡಿ.”

“ಅಂದಾಜಾ? ನಿಮ್ಮಮ್ಮನ ಬಟ್ಟೆ ಪೆಟ್ಟಿಗೆಗೆ ನೀನು ಅಂದಾಜಿನ ಮೇಲೆ ಕೈ ಹಾಕ್ತೀಯಾ?”

ಅವನಿಗೆ ಅರ್ಥವಾಗಲಿಲ್ಲ. ನಕ್ಷೆ ಹಿಡಿದು ತಾನೇ ಎಡಕ್ಕೆ ನಡೆದ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಟಣ್ ಎಂದು ಒಂದು ಕಲ್ಲು ಬಂದು ಅವನ ತಲೆಯ ಮೇಲಿದ್ದ ಇಲಾಖೆಯ ಹೆಲ್ಮೆಟ್ಟಿಗೆ ಬಡಿಯಿತು. ಹಿಂದೆಯೇ ಇಂಗ್ಲಿಷ್ ಬಂತು. ಬರೆಯುವ ಹಾಗಿಲ್ಲ. ಅಂಥ ಮಾತು ಕೇಳಿದರೆ ಹಟಮಾರಿ ಹೋರಿ ಕೂಡ ಹಿಂದೆ ಸರಿಯುತ್ತದೆ. ಲಾಕ್ಲನ್ ಸರಿದ.

“ಯಾರೋ ಕಲ್ಲು ಹೊಡೀತಿದಾರೆ!”

“ಅದು ಕಲ್ಲಲ್ಲ ತಮ್ಮಾ, ಅಭಿಪ್ರಾಯ. ಸಂಗ್ರಹ ಮಾಡೋಕೆ ಬಂದಿದ್ದೀಯಲ್ಲ, ಮಾಡ್ಕೋ.”

ಎರಡನೆಯ ಕಲ್ಲು ನನ್ನ ಭುಜದ ಮೇಲಿಂದ ಹಾದು, ಬಲಗಡೆ ಇಪ್ಪತ್ತು ಹೆಜ್ಜೆ ಆಚೆ ಬಿತ್ತು. ನಾನು ನೋಡಿದೆ. ಹೋಗಿ ಅಲ್ಲೊಂದು ಗೂಟ ಹೊಡೆದೆ. ಮೂರನೆಯದು ಇನ್ನಷ್ಟು ಮುಂದೆ ಬಿತ್ತು, ಅಲ್ಲೂ ಹೊಡೆದೆ. ಎಪ್ಪತ್ತು ದಾಟಿದ ಆ ಕೈಯ ಗುರಿ ನೋಡಿ ನನ್ನ ಬೆನ್ನು ಜುಮ್ಮೆಂದಿತು. ಒಂದು ಗೂಟ ನೆಡುವಾಗ ನಾನು ನಿಧಾನ ಮಾಡಿದೆ ಎಂದು ಕಾಣುತ್ತದೆ, ಒಂದು ಪುಟ್ಟ ಕಲ್ಲು ನನ್ನ ಹಿಂಭಾಗಕ್ಕೂ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರು ನನಗೆ ನೇರವಾಗಿ ಹೇಳಿದ್ದು ಅದೊಂದೇ.

ಏಳು ಗೂಟ ಆಯಿತು. ದಾರಿ ಗಾಬರಿಬಿದ್ದ ಹಾವಿನಂತೆ ಬಳುಕಿತ್ತು. ಲಾಕ್ಲನ್ ಅದನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಂಡ.

“ಇಲ್ಲಿ ‘ಕಾರಣ’ ಅಂತ ಒಂದು ಕಲಂ ಇದೆ. ಖಾಲಿ ಬಿಡೋಕಾಗಲ್ಲ. ಇಷ್ಟೊಂದು ಸುತ್ತು ಯಾಕೆ?”

“ನನಗೆ ಗೊತ್ತಿಲ್ಲ.”

“ನೀವು ಇಲ್ಲಿಯವರೇ ಅಲ್ವಾ?”

“ಇಲ್ಲಿಯವನಾದ್ದರಿಂದಲೇ ಗೊತ್ತಿಲ್ಲ! ಗೊತ್ತಿರೋರು ಬೇಡ ಅಂದ್ರು. ಹಾಗೇ ಬರಿ.”

ಅವನು ಹಾಗೆಯೇ ಬರೆದ. ಅವನ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ನನಗೆ ಅಲ್ಲಿಯೇ ಇಳಿಯಿತು. ಕಾಗದವನ್ನು ಗಾಡಿಯ ಈ ಕಿಟಕಿಯಲ್ಲಿ ನನ್ನ ಮುಂದೆ ಹಿಡಿದ, ಆಮೇಲೆ ಸುತ್ತಿ ಹೋಗಿ ಹಿಂಬಾಗಿಲಿನಲ್ಲಿ ಕಂಬಳಿಯೊಳಗಿನ ಕೈಗೆ ಕೊಟ್ಟ; ಎರಡೂ ಸಹಿ ಬಿದ್ದವು. ವಿಮಾನ ನಾಲ್ಕೂ ಐದಕ್ಕೆ ಏರಿತು.

ಸಂಜೆ ನೋಲಾ ಊದಿದ ಕೆನ್ನೆ ಹೊತ್ತು ಬಂದವಳು ಮೊದಲು ತಾಯಿಯ ಹತ್ತಿರ ಹೋಗಿ, ಆಮೇಲೆ ನನ್ನ ಹತ್ತಿರ ಬಂದಳು.

“ಆರನೇ ಗೂಟ ಒಂದು ಮೊಳ ಎಡಕ್ಕೆ ಹೋಗಿದೆಯಂತೆ.”

“ಅದು ಅವರೇ ಎಸೆದ ಕಲ್ಲು!”

“ಕಲ್ಲು ಬಿದ್ದ ಮೇಲೆ ಉರುಳಿತಂತೆ. ಉರುಳಿದ್ದು ಕಾಣ್ಲಿಲ್ವಾ ಅಂತ ಕೇಳ್ತಿದ್ರು.”

“ಯಾರನ್ನ ಕೇಳ್ತಿದ್ರು?”

“ನಾಯೀನ.”

ನಾನು ಬಕೆಟ್ಟು ಒದ್ದೆ. ಇಡೀ ಊರಿಗೆ ಕೇಳುವಂತೆ ಕೂಗಾಡಿದೆ. ಸರಿಯಾಗಿ ಎಸೆಯಲು ಬರದವರು ಎಸೆಯಲೇಬಾರದು ಎಂದು ಕೂಡ ಅಂದೆ ಎನ್ನುತ್ತಾಳೆ ನೋಲಾ, ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಆರನೆಯ ಗೂಟ ಕಿತ್ತು, ಒಂದು ಮೊಳ ಬಲಕ್ಕೆ ನೆಟ್ಟೆ. ಯಾವುದಕ್ಕೂ ಇರಲಿ ಎಂದು ಇನ್ನೂ ನಾಲ್ಕು ಬೆರಳು ಸರಿಸಿದೆ. ಎಡಗಡೆ ತಿರುಗಿ ನೋಡಲಿಲ್ಲ. ಸೋಮವಾರ ಬಂದ ಕೆಲಸಗಾರರು ಆ ಗೂಟಗಳನ್ನು ಹಿಡಿದೇ ಹಲಗೆ ಹಾಸಿಕೊಂಡು ಹೋದರು.