ಮೂಲೆಯಿಲ್ಲದ ಗೂಡು

ನನ್ನ ಅತ್ತೆಯ ಬಲಗೈಯ ಹಿಂಬದಿಯಲ್ಲಿ ಒಂದು ರೋಮವೂ ಇರಲಿಲ್ಲ. ಚರ್ಮ ಬೆಂದು ಬೆಂದು ಹಲಸಿನ ಬೀಜದಂತೆ ನುಣುಪಾಗಿತ್ತು. ಆಗಷ್ಟೇ ಮೊಟ್ಟೆಯೊಡೆದು ಬಂದ ಗೌಜಲಹಕ್ಕಿ ಮರಿಗಳಿಗೆ ಕಾವು ಕೊಡುವ ಬಲ್ಬಿನ ಕೆಳಗೆ ಅವರು ದಿನಕ್ಕೆ ಎಷ್ಟು ಸಲ ಆ ಕೈ ಹಿಡಿಯುತ್ತಿದ್ದರೋ ಅವರಿಗೇ ಗೊತ್ತಿಲ್ಲ. ಮಾವ ತಂದುಕೊಟ್ಟ ಥರ್ಮಾಮೀಟರನ್ನೂ ನೋಡುತ್ತಿದ್ದರು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಅವರಿಗೆ ಸಮಾಧಾನ.

ವಾಮಂಜೂರಿನ ನಮ್ಮ ಮನೆಯ ಹಿಂದೆ, ಗದ್ದೆಯಿದ್ದ ಕಾಲದ ದನದ ಹಟ್ಟಿಯಲ್ಲಿ ಅವರ ಕಾರುಬಾರು. ಗದ್ದೆಯಲ್ಲಿ ಈಗ ಕಾಲೇಜಿನ ಹಾಸ್ಟೆಲ್ ನಿಂತಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆ ಹಟ್ಟಿಯೆಂದರೆ ಭಯ. ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಾ ಊರ ಸುದ್ದಿಗೆಲ್ಲ ಉಪ್ಪು ಖಾರ ಹಚ್ಚುವ ಹೆಂಗಸು ಅಲ್ಲಿ ಬೇರೆಯೇ ಆಗಿಬಿಡುತ್ತಿದ್ದರು. ಬಾಗಿಲನ್ನು ಉಗುರಿನಿಂದ ಮೆಲ್ಲಗೆ ಕೆರೆದು, ತುಳುವಿನಲ್ಲಿ "ಬತ್ತೆ, ಬತ್ತೆ" ಎಂದು ತಾನು ಬಂದದ್ದನ್ನು ಹೇಳಿಯೇ ಒಳಗೆ ಕಾಲಿಡುವುದು. ಆಮೇಲೆ ಮಾತಿಲ್ಲ. ಕಿವಿಯೊಂದೇ ಕೆಲಸ ಮಾಡುತ್ತಿತ್ತು.

ಮರಿಗಳ ಪೆಟ್ಟಿಗೆಗೆ ಮೂಲೆ ಇರಲಿಲ್ಲ. ನಾಲ್ಕೂ ಕಡೆ ರಟ್ಟು ಬಗ್ಗಿಸಿಟ್ಟು ಒಳಗನ್ನು ಬಾವಿಯಂತೆ ಗುಂಡಗೆ ಮಾಡಿದ್ದರು. ಯಾಕೆ ಮಾಮಿ ಎಂದು ಕೇಳಿದೆ.

"ಚಳಿಯಾದ್ರೆ, ಹೆದರಿದ್ರೆ ಇವು ಮೂಲೆಗೆ ಓಡ್ತವೆ ಮಗಾ. ಒಂದರ ಮೇಲೆ ಒಂದು. ಮೇಲಿದ್ದದ್ದಕ್ಕೆ ಬೆಚ್ಚಗೆ, ಅಡಿಯಲ್ಲಿದ್ದದ್ದಕ್ಕೆ ಉಸಿರಿಲ್ಲ. ಸಾಯ್ಲಿಕ್ಕೆ ಬೆಕ್ಕು, ಮುಂಗುಸಿ ಬರ್ಬೇಕಂತ ಇಲ್ಲ."

ಮೊದಲ ಸಲ ಮರಿ ಮಾಡಿಸಿದಾಗ, ಮಳೆಗೆ ಚಳಿಯಾದೀತೆಂದು ಅವರು ಪೆಟ್ಟಿಗೆಯ ಮೇಲೆ ಗೋಣಿ ಮುಚ್ಚಿದ್ದರಂತೆ. ಕರೆಂಟು ಹೋದದ್ದು ಗೊತ್ತಾಗಲಿಲ್ಲ. ಗೋಣಿ ತೆಗೆದಾಗ ಮೂಲೆಯಲ್ಲಿ ಮರಿಗಳ ಒಂದು ಗುಡ್ಡೆ. "ಮುಟ್ಟಿದ್ರೆ ಇನ್ನೂ ಬಿಸಿ ಇತ್ತು. ಮಲಗಿವೆ ಅಂತ ಎಣಿಸಿದೆ ನಾನು" ಎಂದರು. ರಟ್ಟಿನ ಅಂಚು ಒತ್ತಿ ಸರಿಮಾಡುತ್ತಾ, "ಕೂಗಿದ್ರೆ ಹೆದರ್ಬೇಡ. ಎಲ್ಲ ಒಟ್ಟಿಗೆ ಸುಮ್ಮನಾದ್ರೆ ಓಡು" ಎಂದರು.

ಈ ಭಯವನ್ನು ಅವರು ಹಟ್ಟಿಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಮದುವೆ ಹಾಲಿನಲ್ಲಿ ಊಟದ ಬಾಗಿಲು ತೆರೆದು ಜನ ನುಗ್ಗಿದರೆ ನನ್ನ ಸೆರಗು ಹಿಡಿದು ಹಿಂದಕ್ಕೆಳೆಯುವರು. "ಮೊದಲ ಪಂಕ್ತಿ ನಮಗೆ ಬೇಡ." ಅವರಿಂದಾಗಿ ಈ ಊರಿನ ಎಷ್ಟು ಬಿಸಿ ಹೋಳಿಗೆ ನನ್ನ ಕೈತಪ್ಪಿವೆಯೋ ಲೆಕ್ಕವಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಒಂದು ದಸರೆಗೆ ಮೈದುನ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಹುಲಿವೇಷದ ತಂಡಕ್ಕೆ ಮನೆಗೆ ಬರಲು ಹೇಳಿಬಿಟ್ಟಿದ್ದ. ಹಟ್ಟಿಯಲ್ಲಿ ಹಿಂದಿನ ದಿನವಷ್ಟೇ ಹೊರಬಂದ, ಹೆಬ್ಬೆರಳಿನ ಗಾತ್ರದ ಮರಿಗಳಿದ್ದವು.

"ರಸ್ತೆಯಲ್ಲೇ ಕುಣಿಯಲಿ ಮಾರಾಯ. ಅಂಗಳದಲ್ಲಿ ತಾಸೆ ಬಡಿಯುದು ಬೇಡ" ಎಂದರು ಅತ್ತೆ.

"ಬಂದ ಹುಲಿಯನ್ನು ಗೇಟಿನಿಂದ ಹಿಂದೆ ಕಳಿಸುದುಂಟಾ?" ಎಂದರು ಮಾವ. ಹರಕೆಯ ವೇಷ, ಅದು ಕೂಡದು. ಅತ್ತೆ ವಾದಿಸಲಿಲ್ಲ. ಹಟ್ಟಿಗೆ ಹೋಗಿ ಪೆಟ್ಟಿಗೆಯ ಪಕ್ಕ ಕೂತರು. ನಾನೂ ಹಿಂದೆಯೇ ಹೋದೆ.

ತಾಸೆಯ ಮೊದಲ ಬಡಿತಕ್ಕೇ ಮರಿಗಳು ಒಂದೇ ಬದಿಗೆ ಹರಿದವು. ಅತ್ತೆಯ ಎರಡೂ ಕೈ ಅಂಗೈ ಮೇಲಾಗಿ ಅವುಗಳ ಅಡಿಗೆ ಹೋಗಿ, ಒಣಗಲು ಹಾಕಿದ ಭತ್ತದಂತೆ ಹರಡಿದವು. ಮತ್ತೆ ಪೆಟ್ಟು, ಮತ್ತೆ ರಾಶಿ, ಮತ್ತೆ ಆ ಕೈಗಳು. ಅಷ್ಟರಲ್ಲಿ ಬಲ್ಬು ಆರಿತು. ತಂಡದವರ ಮೈಕಿಗೆಂದು ಮೈದುನ ಜಗಲಿಯಲ್ಲಿದ್ದ ಹಟ್ಟಿಯ ಪ್ಲಗ್ಗನ್ನೇ ಕಿತ್ತಿದ್ದ. ಕಿಟಕಿಯಿಲ್ಲದ ಹಟ್ಟಿ ಕತ್ತಲಾಯಿತು. ಹೊರಗೆ ಅಷ್ಟು ಗದ್ದಲವಿದ್ದರೂ ಪೆಟ್ಟಿಗೆಯೊಳಗೆ ಚಿಲಿಪಿಲಿ ನಿಂತದ್ದು ನನಗೆ ಕೇಳಿಸಿತು.

"ಬಾಗಿಲು ತೆರೆ" ಎಂದರು ಅತ್ತೆ. ತೆರೆದೆ. ಬೆಳಕು ಬೀಳುವಾಗ ಅವರು ಮೊಣಕೈವರೆಗೆ ಆ ಗುಡ್ಡೆಯೊಳಗಿದ್ದರು. ಅಂಚಿನವು ಬದುಕಿದವು. ನಡುವಿನವುಗಳ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಅವನ್ನು ಬಾಳೆಲೆಯ ತುಂಡಿನಲ್ಲಿ ಮಲಗಿಸಿ ಹೊರಗೆ ತಂದಾಗ ಮೈದುನ ಎದುರಾದ.

"ನೀನು ಕೊಂದದ್ದಲ್ಲ ಮಗಾ" ಎಂದರು ಅವನಿಗೆ. "ಹೆದರಿ ಒಂದನ್ನೊಂದು ಹಿಡ್ಕೊಂಡ್ವು, ಹಾಗೇ ಹೋದ್ವು."

ಅವರಿಗೆ ಆಗಲೇ ದಮ್ಮಿನ ಕಾಯಿಲೆ ಹಿಡಿದಿತ್ತು. ಹಕ್ಕಿಗಳನ್ನು ಬಿಡಿ ಎಂದು ಡಾಕ್ಟರು ಬೈಯುತ್ತಲೇ ಇದ್ದರು. ಅವತ್ತು ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಾ ನನಗೊಬ್ಬಳಿಗೇ ಹೇಳಿದರು: "ನಮ್ಮವರೂ ಹೀಗೇ. ನನ್ನ ಹೊತ್ತು ಬಂದಾಗ ಮೇಲೆ ಬಂದು ಬೀಳ್ತಾರೆ. ಬಿಡ್ಬೇಡ ಆಯ್ತಾ? ನನಗೆ ಉಸಿರು ಕಟ್ಟಿ ಸಾಯುದು ಬೇಡ." ಅಪಶಕುನ ನುಡಿಯಬೇಡಿ ಎಂದು ನಾನು ರೇಗಿದೆ. ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಆಮೇಲೆ ಅವರ ಉಸಿರಿನ ಸದ್ದಿಗೆ ಕಿವಿಗೊಡದ ದಿನ ನನಗಿರಲಿಲ್ಲ.

ಹೊತ್ತು ಬಂದದ್ದು ಆಟಿ ತಿಂಗಳ ಮಳೆಯಲ್ಲಿ. ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಗಲ್ಫಿನಿಂದ ಮೈದುನ ಬಂದಿದ್ದ. ಕುಲಶೇಖರದಿಂದ, ಪಣಂಬೂರಿನಿಂದ ನೆಂಟರು ಬಂದು ಕೋಣೆ ತುಂಬಿದರು. ಇರಚಲು ಹೊಡೆಯುತ್ತದೆಂದು ಯಾರೋ ಕಿಟಕಿ ಮುಚ್ಚಿದ್ದರು. ಗೋಡೆಯ ಮೂಲೆಗೆ ತಾಗಿದ ಮಂಚ, ಸುತ್ತ ತುಳಸಿನೀರು ಹಿಡಿದ ಕೈಗಳು. ನಾನು ಅಡುಗೆಮನೆಯಲ್ಲಿ ಅವರಿಗೆ ಗಂಜಿಯ ತಿಳಿ ಬಸಿಯುತ್ತಿದ್ದೆ. ಅಳು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲರೂ ಒಟ್ಟಿಗೆ ಸುಮ್ಮನಾದರು.

ನಾನು ಓಡಿದೆ. ಹಿರಿಯರ ಎದುರು ದನಿಯೆತ್ತದವಳು ಆ ಬೆನ್ನುಗಳ ನಡುವೆ ಎರಡೂ ಕೈ ತೂರಿಸಿ ಬಿಡಿಸತೊಡಗಿದೆ. "ಹಿಂದೆ ಹೋಗಿ! ಎಲ್ಲರೂ ಹೊರಗೆ ಹೋಗಿ!"

"ಎಂತ ಮಾರಾಯ್ತಿ, ಬಾಯಿಗೆ ನೀರು ಬಿಡುವ ಹೊತ್ತಿಗೆ?" ಎಂದು ಮಾವನ ಅಕ್ಕ, ದೊಡ್ಡತ್ತೆ, ಸಿಡಿದರು. ಯಾರೂ ಕದಲಲಿಲ್ಲ. ನಡುವೆ ಅತ್ತೆಯ ಬಾಯಿ ತೆರೆದಿತ್ತು, ಕಣ್ಣು ನನ್ನನ್ನೇ ಹುಡುಕುತ್ತಿತ್ತು. ಆಗ ಮೈದುನ ಜನರನ್ನು ಸರಿಸಿಕೊಂಡು ಹೋಗಿ ಕಿಟಕಿಯ ಅಗುಳಿ ತೆಗೆದ. ತಿರುಗಿ ಬಂದು ಮಂಚದ ಇನ್ನೊಂದು ತುದಿ ಹಿಡಿದ. ಇಬ್ಬರೂ ಮಂಚವನ್ನು ಮೂಲೆಯಿಂದ ಕೋಣೆಯ ನಡುವಿಗೆ ಎಳೆದೆವು. ಜನ ತಾವಾಗಿ ದೂರವಾದರು.

ಗಾಳಿ ಬಂತು. ಅತ್ತೆಯ ಎದೆ ನಿಧಾನಕ್ಕೆ ಏರಿತು, ಇಳಿಯಿತು. ಬಲಗೈಯನ್ನು ಚೂರು ಎತ್ತಿ, ಬೆಂದ ಹಿಂಬದಿಯನ್ನು ಕಿಟಕಿಗೆ ಹಿಡಿದರು.

"ಈಗ ಸರಿ ಉಂಟು."

ದೀಪ ಹಚ್ಚುವ ಹೊತ್ತಿಗೆ ಅವರು ಹೋದರು, ಉಸಿರಾಡುತ್ತಲೇ ಹೋದರು. ನನ್ನ ತಾಯಿ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ನೆಲವೆಲ್ಲ ಒದ್ದೆಯಾಗುತ್ತದೆ, ಕಿಟಕಿ ಹಾಕು ಎಂದು ದೊಡ್ಡತ್ತೆ ಎರಡೆರಡು ಸಲ ಹೇಳಿದರು. ಮೈದುನ ಹಾಕಲು ಬಿಡಲಿಲ್ಲ.